ನನ್ನ ಅಂಗಡಿಯ ಎರಡನೆಯ ಕುರ್ಚಿ

ಲಕ್ಷ್ಮೇಶ್ವರದ ಬಸ್ ನಿಲ್ದಾಣದಿಂದ ಬಜಾರದ ಕಡೆಗೆ ಹೊರಳುವ ದಾರಿಯಲ್ಲಿ ನನ್ನ ಕಟಿಂಗ್ ಅಂಗಡಿ ಇದೆ. ಎರಡು ಕುರ್ಚಿ, ಎದುರಿಗೆ ದೊಡ್ಡ ಕನ್ನಡಿಗಳು, ಹಿಂದಿನ ಗೋಡೆಗೆ ಗಿರಾಕಿಗಳು ಕೂಡಲು ಒಂದು ಉದ್ದನೆಯ ಬಾಕು. ಒಂದು ಕುರ್ಚಿ ನನ್ನದು, ಇನ್ನೊಂದು ನನ್ನ ತಮ್ಮನದಾಗಿತ್ತು. ಅವನು ಮದುವೆಯಾದ ಮೇಲೆ ಮುಂಡರಗಿಯಲ್ಲಿ ಸ್ವಂತ ಅಂಗಡಿ ಹಾಕಿಕೊಂಡು ಹೋದ. ಅಂದಿನಿಂದ ಎರಡನೆಯ ಕುರ್ಚಿ ಖಾಲಿ ಬಿದ್ದಿತ್ತು. ಪಾಳಿ ಕಾಯುವ ಹುಡುಗರು ಅದರ ಮೇಲೆ ಕುಳಿತು ಗರಗರ ತಿರುಗುತ್ತ ಮೊಬೈಲ್ ನೋಡುತ್ತಿದ್ದರು.

ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಥ ಹುಡುಗರೇ. ಹೈಸ್ಕೂಲಿನವರು, ಪಿಯುಸಿಯವರು. ಸುತ್ತಲಿನ ಹಳ್ಳಿಗಳಿಂದ ಮುಂಜಾನೆಯ ಬಸ್ಸಿಗೆ ಓದಲು ಬರುತ್ತಾರೆ, ಸಂಜೆ ಹೋಗುವ ಮೊದಲು ನನ್ನ ಅಂಗಡಿಗೆ ಹಣಿಕಿ ಹಾಕುತ್ತಾರೆ. ಫೋನಿನಲ್ಲಿ ಯಾವುದೋ ಫೋಟೋ ತೋರಿಸಿ "ಕಾಕಾ, ಹಿಂಗ ಮಾಡ್ರಿ" ಅನ್ನುತ್ತಾರೆ. ಮಾಡಿದ ಮೇಲೆ ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಖ ಹೊರಳಿಸಿ ನೋಡಿಕೊಂಡು, ಮನೆಗೆ ಹೋದರೆ ಅಪ್ಪ ಏನನ್ನುತ್ತಾನೋ ಎಂದು ಹೆದರುತ್ತಾರೆ. ನನಗೆ ಈ ಹುಡುಗರೆಂದರೆ ಇಷ್ಟ. ಅವರಿದ್ದರೆ ಅಂಗಡಿಯಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಈಚಿನ ವರ್ಷಗಳಲ್ಲಿ ಮಾತ್ರ ಅವರ ಮಾತಿನ ಧಾಟಿ ಬದಲಾಗಿತ್ತು. ಮೊದಲು ಕ್ರಿಕೆಟ್, ಸಿನಿಮಾ, ಮಾಸ್ತರರ ಅಣಕು ಇರುತ್ತಿತ್ತು. ಈಗ ಫೋನಿನೊಳಗಿಂದ ಯಾರೋ ಒಬ್ಬ ಗಂಡಸು ಹೇಗಿರಬೇಕೆಂದು ಭಾಷಣ ಮಾಡುತ್ತಿರುತ್ತಾನೆ. ಹುಡುಗಿಯರಿಗೆ ಕಿಮ್ಮತ್ತು ಕೊಟ್ಟರೆ ತಲೆಯ ಮೇಲೆ ಕೂಡುತ್ತಾರೆ, ಒಲ್ಲೆ ಅಂದರೂ ಬೆನ್ನು ಬಿಡಬಾರದು, ಇಂಥವೇ ಮಾತು. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗರು ಅದನ್ನೇ ಪಾಠದಂತೆ ಒಪ್ಪಿಸುತ್ತಿದ್ದರು.

"ನಿಮ್ಮವ್ವ ಕೇಳಿದ್ರ ಏನಂತಾಳಲೇ?" ಎಂದು ನಾನು ಕತ್ತರಿಯಾಡಿಸುತ್ತ ಕೇಳುತ್ತಿದ್ದೆ.

"ಅವ್ವ ಬ್ಯಾರೆ ಬಿಡ್ರಿ ಕಾಕಾ!" ಎಂದು ನಗುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ನನ್ನ ಮಗಳು ಆ ವರ್ಷ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಸಣ್ಣವಳಿದ್ದಾಗಿನಿಂದ ಅವಳಿಗೆ ಕತ್ತರಿಯ ಹುಚ್ಚು. ಅಜ್ಜಿಯ ಕೂದಲ ತುದಿ, ಗೆಳತಿಯರ ಮುಂಗೂದಲು, ಓಣಿಯ ಮಕ್ಕಳ ತಲೆ ಎಲ್ಲವೂ ನಮ್ಮ ಮಾಳಿಗೆಯ ಮೇಲೆ ಅವಳ ಕೈಗೆ ಸಿಕ್ಕಿದ್ದವು. ಒಂದು ಮುಂಜಾನೆ ನಾನು ಅವಲಕ್ಕಿ ತಿನ್ನುತ್ತಿದ್ದಾಗ ಬಂದು ಎದುರಿಗೆ ಕುಳಿತಳು.

"ಅಪ್ಪಾ, ಎರಡನೇ ಕುರ್ಚಿ ನನಗ ಕೊಡು. ನಾ ಕೆಲಸ ಕಲೀತೇನಿ."

"ಅದು ಗಂಡಸರ ಅಂಗಡಿವಾ," ಎಂದೆ.

ಒಲೆಯ ಮುಂದಿದ್ದ ನನ್ನ ಹೆಂಡತಿ ಇತ್ತ ತಿರುಗದೆಯೇ ಹೇಳಿದಳು: "ದಿನಾ ಮುಂಜಾನೆ ಆ ಅಂಗಡಿ ಕಸಾ ಹೊಡ್ಯಾಕ ನಾ ಬರಬಹುದು, ಕತ್ತರಿ ಹಿಡ್ಯಾಕ ಆಕಿ ಬರಬಾರ್ದೇನ್ರಿ?"

ಅಂದೇ ಮಗಳು ನನ್ನ ಸೈಕಲ್ ಮೋಟರಿನ ಹಿಂದೆ ಕುಳಿತು ಅಂಗಡಿಗೆ ಬಂದಳು.

ಮೊದಲ ವಾರ ಅಂಗಡಿಯಲ್ಲಿ ಗಪ್‌ಚಿಪ್. ಬಾಗಿಲ ತನಕ ಬಂದ ಹುಡುಗರು ಅವಳನ್ನು ಕಂಡು "ಆಮ್ಯಾಲೆ ಬರ್ತೇವಿ ಕಾಕಾ" ಎಂದು ಬಂದ ದಾರಿ ಹಿಡಿದರು. ಒಳಗೆ ಬಂದವರು ಪರೀಕ್ಷೆಗೆ ಕುಳಿತವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಫೋನುಗಳು ಜೇಬು ಸೇರಿದವು. ನನಗೆ ಹೆಮ್ಮೆಯೋ ಹೆಮ್ಮೆ. ಮನೆಯಲ್ಲಿ ಊಟಕ್ಕೆ ಕುಳಿತಾಗ "ನೋಡು, ಹುಡುಗರು ಎಷ್ಟ ಮರ್ಯಾದಿ ಕೊಡಾಕತ್ತಾರ" ಎಂದೆ.

ಮಗಳು ರೊಟ್ಟಿ ಮುರಿಯುತ್ತ ನನ್ನ ಮುಖ ನೋಡಿದಳು. "ಅಪ್ಪಾ, ಇದು ಮರ್ಯಾದಿ ಅಲ್ಲ. ನಾ ಇದ್ದಾಗ ಮಾತು ನುಂಗತಾರ, ನಾ ಹ್ವಾದ ಮ್ಯಾಲೆ ಉಗುಳತಾರ. ನೀನ ಕೇಳಿಯಲ್ಲ."

ನಾನು ಕೇಳಿದ್ದೆ. ಅವಳು ಚಹಾ ತರಲು ಎದುರಿನ ಹೋಟೆಲ್ಲಿಗೆ ಹೋದರೆ ಸಾಕು, ಫೋನಿನವನ ಭಾಷಣ ಮತ್ತೆ ಶುರುವಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬೆಳ್ಳಟ್ಟಿಯ ಒಬ್ಬ ಹುಡುಗ ಬಂದ. ಪಿಯುಸಿ ಮೊದಲ ವರ್ಷ ಮುಗಿಸಿ, ರಜೆಯಲ್ಲಿ ಟ್ಯೂಷನ್ನಿಗೆ ಬರುತ್ತಿದ್ದವನು. ಮೆತ್ತಗಿನ ಹುಡುಗ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ಅವನ ಜೊತೆ ಯಾವಾಗಲೂ ಇರುವ ಇಬ್ಬರು ಗೆಳೆಯರೂ ಇದ್ದರು. ಒಬ್ಬ ಎತ್ತರದವನು, ಮಾತುಗಾರ. ಇನ್ನೊಬ್ಬ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು. ಮಗಳು ಆಗಷ್ಟೇ ಚಹಾಕ್ಕೆ ಹೋಗಿದ್ದಳು. ಬೆಳ್ಳಟ್ಟಿಯ ಹುಡುಗ ಕುರ್ಚಿಯಲ್ಲಿ ಧೊಪ್ಪನೆ ಕುಳಿತು, "ತಲಿ ಬೋಳಸಿಬಿಡ್ರಿ ಕಾಕಾ," ಎಂದ.

"ಯಾಕೋ ತಮ್ಮಾ? ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೋ?" ನನಗೆ ನಿಜಕ್ಕೂ ಗಾಬರಿಯಾಯಿತು.

ಎತ್ತರದವನು ಬಾಕಿನಿಂದ ನಕ್ಕ. "ಎಲ್ಲಾರೂ ಅರಾಮ ಅದಾರ್ರಿ. ಹುಡುಗಿ ಒಲ್ಲೆ ಅಂದಾಳ. ಆದ್ರ ನಾವೇನ ಬಿಟ್ಟಿಲ್ರಿ ಕಾಕಾ. ಇವತ್ತ ಮುಂಜಾನೆ ಆಕಿ ಸೊಕ್ಕು ಇಳಿಯೂ ಹಂಗ ಸ್ಟೇಟಸ್ ಹಾಕೇವಿ."

ಬೋಳಿಸಲು ಮನಸ್ಸಾಗದೆ ನಾನು ಎಡಬದಿಯಿಂದ ಮಷಿನ್ ಆಡಿಸಿ ಬರೀ ಸಣ್ಣಗೆ ಕತ್ತರಿಸುತ್ತಿದ್ದೆ. ಎತ್ತರದವನು ಎದ್ದು ಬಂದು ಫೋನು ನನ್ನ ಮುಂದೆ ಹಿಡಿದ. ಟ್ಯೂಷನ್ನಿನ ಒಬ್ಬ ಹುಡುಗಿಯ ಫೋಟೋ. ಕಾಲೇಜಿನ ಯಾವುದೋ ಸಮಾರಂಭದಲ್ಲಿ ಗೆಳತಿಯರೊಂದಿಗೆ ನಿಂತಾಗ ತೆಗೆದದ್ದನ್ನು ಅವಳೊಬ್ಬಳಿಗಷ್ಟೇ ಕತ್ತರಿಸಿ ಇಟ್ಟಿದ್ದರು. ಕೆಳಗೆ ಬರೆದದ್ದನ್ನು ನಾನಿಲ್ಲಿ ಬರೆಯಲಾರೆ. ನಾನು ಮಷಿನ್ ಬಂದ್ ಮಾಡಿದೆ. ಅವನ ಎಡಗಡೆಯ ಕೂದಲು ಇಳಿದಿತ್ತು, ಬಲಗಡೆಯದು ಹಾಗೇ ಇತ್ತು.

"ಯಾರು ಬರದದ್ದು ಇದನ್ನ?"

"ಅವರು ಬರದ್ರಿ. ನಾ ಹಾಕಿದೆ," ಎಂದ ಬೆಳ್ಳಟ್ಟಿಯವನು. ಅವನ ಕಣ್ಣು ಕನ್ನಡಿಯಲ್ಲಿ ನನ್ನ ಹಿಂದೆ ನೋಡುತ್ತಿದ್ದವು. ನಾನೂ ನೋಡಿದೆ. ಮಗಳು ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ಗೊತ್ತಾಯಿತು.

ಈಗ ಚೀರಾಡುತ್ತಾಳೆ ಎಂದುಕೊಂಡೆ. ಅವಳು ಕಿಟ್ಲಿ ಕೆಳಗಿಟ್ಟು, ಎರಡನೆಯ ಕುರ್ಚಿಯಲ್ಲಿ ಕುಳಿತು ಅವನ ಕಡೆ ತಿರುಗಿದಳು.

"ಆಕಿ ಏನಂತ ಹೇಳಿದ್ಲು?"

ಹುಡುಗ ಮೈಮೇಲೆ ಬಿದ್ದ ಕೂದಲು ಕೊಡವಿದ. "ನನಗ ಹಂತಾ ಮನಸಿಲ್ಲ, ನೀ ಛಲೋ ಹುಡುಗ ಅದಿ, ಆದ್ರ ಬ್ಯಾಡ ಅಂದ್ಲು."

"ಇದರಾಗ ಸೊಕ್ಕು ಎಲ್ಲಿ ಬಂತು?"

ಎತ್ತರದವನು ಮಧ್ಯೆ ಬಾಯಿ ಹಾಕಿದ. "ಹಂಗಲ್ಲಕ್ಕಾ, ಇವನ ಮರ್ಯಾದಿ ಹೋತಲ್ಲ!"

"ಹ್ಯಾಂಗ ಹೋತು? ಆಕಿ ಹೇಳಿದ್ದು ಇವನ ಕಿವಿಗಷ್ಟ. ಊರಿಗೆಲ್ಲಾ ಹೇಳಿದವರು ನೀವು."

"ಚ್ಯಾಷ್ಟಿಗೆ ಹಾಕೇವಕ್ಕಾ..."

"ಆಕಿ ನಕ್ಕಳೇನು?"

ಬಾಕಿನ ಮೇಲಿದ್ದ ಇಬ್ಬರೂ ಕಾಲ ಬೆರಳು ನೋಡತೊಡಗಿದರು. ಹೊರಗೆ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಆಗ ನನಗೆ ನನ್ನದೇ ಒಂದು ಕಥೆ ನೆನಪಾಯಿತು. ಮಗಳ ಮುಂದೆಯೂ ಅದನ್ನು ಎಂದೂ ಹೇಳಿರಲಿಲ್ಲ.

"ಕೇಳ್ರಿಲ್ಲೆ," ಎಂದೆ. "ನನಗೂ ಒಬ್ಬಾಕಿ ಒಲ್ಲೆ ಅಂದಿದ್ಲು."

ಮೂವರೂ ತಲೆಯೆತ್ತಿದರು. ಮಗಳ ತಲೆ ಎಲ್ಲರಿಗಿಂತ ಮೊದಲು ಎದ್ದಿತು.

ಅದು ನನ್ನ ಮದುವೆಗೆ ಮೊದಲಿನ ಮಾತು. ಶಿರಹಟ್ಟಿಗೆ ಹೆಣ್ಣು ನೋಡಲು ಹೋಗಿದ್ದೆವು. ಹೊಸ ಅಂಗಿ, ತಲೆಗೆ ಎಣ್ಣೆ, ಎಲ್ಲ ಸಜ್ಜು. ಉಪ್ಪಿಟ್ಟು ಕೊಟ್ಟರು, ಚಹಾ ಕೊಟ್ಟರು. ಹುಡುಗಿ ಬಂದು ಕುಳಿತಳು. ನನಗೆ ಮೊದಲ ನೋಟಕ್ಕೇ ಮನಸ್ಸಾಯಿತು. ಹಿರಿಯರು ನನಗೆ ಏನಾದರೂ ಕೇಳುವುದಿದ್ದರೆ ಕೇಳು ಅಂದಾಗ ಅವಳೇ ತಲೆಯೆತ್ತಿ, "ನಾ ಟೀಚರ್ ಆಗಾಕ ಓದಬೇಕಂತ ಮಾಡೇನ್ರಿ, ಈಗ ಲಗ್ನ ಒಲ್ಲೆ. ತಪ್ಪು ತಿಳ್ಕೋಬ್ಯಾಡ್ರಿ," ಅಂದಳು. ಅವಳ ಅಪ್ಪ ಬೆವರಿದ. ನನ್ನ ಅವ್ವ ಉಪ್ಪಿಟ್ಟಿನ ತಾಟು ಕೆಳಗಿಟ್ಟು, "ಹೇಳಿದ್ದು ಛಲೋ ಆತವಾ, ಓದು," ಎಂದು ಎದ್ದಳು.

"ನಿಮಗೇನ ಅನಿಸಿತ್ರಿ ಕಾಕಾ?" ಬೆಳ್ಳಟ್ಟಿಯ ಹುಡುಗ ಕೇಳಿದ. ಅರ್ಧ ಕತ್ತರಿಸಿದ ತಲೆಯಲ್ಲಿ ಅವನು ಬಹಳ ಗಂಭೀರವಾಗಿ ಕೇಳುತ್ತಿದ್ದ.

"ಬ್ಯಾಸರಾತು. ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡ್ಕೊಂಡು ಬಂದೆ. ಊಟ ಸೇರಲಿಲ್ಲ. ಆಮ್ಯಾಲೆ ಒಂದಿನ ಹಸಿವಾತು, ಉಂಡೆ. ಅಷ್ಟ."

"ಆಕಿ ಈಗ ಎಲ್ಲದಾರ್ರಿ?"

"ಟೀಚರ್ ಆಗ್ಯಾರ. ಈ ಊರಿಗೇ ಕೊಟ್ಟಾರ. ಆಕಿ ಗಂಡ ನನ್ನ ಖಾಯಂ ಗಿರಾಕಿ."

ಎತ್ತರದವನು ಮೊದಲು ನಕ್ಕ. ಆಮೇಲೆ ಎಲ್ಲರೂ. ಮಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವ್ವಗ ಗೊತ್ತೈತೇನಪಾ ಇದು?" ಎಂದಳು. ನಾನು "ನಿಮ್ಮವ್ವಗ ಆಕಿ ಗೆಳತಿ ಆಗ್ಯಾಳವಾ" ಎಂದಾಗ ನಗು ಮತ್ತೆ ಎದ್ದಿತು.

ನಗುತ್ತ ನಗುತ್ತಲೇ ಬೆಳ್ಳಟ್ಟಿಯ ಹುಡುಗನ ಗಲ್ಲ ನಡುಗತೊಡಗಿತು. ಗೆಳೆಯರ ಮುಂದೆ ಅಳಲಾರದೆ ಹಲ್ಲು ಕಚ್ಚಿದ್ದ. ನಾನು ನೀರಿನ ಬಾಟಲಿ ತೆಗೆದು ಅವನ ಕೂದಲಿಗೂ ಮುಖಕ್ಕೂ ಧಾರಾಳವಾಗಿ ಸಿಂಪಡಿಸಿದೆ. "ಅಳು ಬಂದ್ರ ಅಳೋ. ಇಲ್ಲಿ ಎಲ್ಲಾರ ಮಾರಿನೂ ತೊಯ್ದಿರ್ತಾವು." ಅವನು ಅತ್ತ. ತಲೆಯಾಡಿಸುವ ಗೆಳೆಯ ಎದ್ದು ಬಂದು ಸುಮ್ಮನೆ ಅವನ ಹೆಗಲ ಮೇಲೆ ಕೈಯಿಟ್ಟು ನಿಂತ. ಆ ಹುಡುಗ ಅಂಥದೊಂದು ಕೆಲಸ ಮಾಡಿಯಾನೆಂದು ನಾನೆಣಿಸಿರಲಿಲ್ಲ.

ಸ್ಟೇಟಸ್ ಅಲ್ಲೇ ಅಳಿಸಿದ. ಗೆಳೆಯರ ಗುಂಪಿನಲ್ಲಿ ಹಾಕಿದ ಫೋಟೋವನ್ನೂ ತೆಗೆದ. "ಹೋಗಿ ಆಕಿಗೆ ಸಾರಿ ಕೇಳ್ಲೇನಕ್ಕಾ? ಬಸ್ ಸ್ಟ್ಯಾಂಡಿನ್ಯಾಗ ಇರ್ತಾಳ," ಎಂದು ಎದ್ದೇಬಿಟ್ಟ.

ಮಗಳು ಕೈ ಅಡ್ಡ ಹಿಡಿದಳು. "ಬೆನ್ನ ಹತ್ತಿ ಸಾರಿ ಕೇಳೂದೂ ಕಾಟನ. ನಾಕ ಮಂದಿ ಮುಂದ ಆಕಿನ್ನ ನಿಲ್ಲಿಸಬ್ಯಾಡ. ಒಂದ್ ಸಲ ಬರಿ. ತಪ್ಪು ನಂದು, ಫೋಟೋ ಅಳಿಸೇನಿ, ನೀ ಜವಾಬು ಕೊಡೂದು ಬ್ಯಾಡ ಅಂತ ಬರದು ಬಿಟ್ಟುಬಿಡು. ಮತ್ತ ಆ ಸ್ಟೇಟಸ್ ನೋಡಿದವರಿಗೂ ಹೇಳು, ನಾ ಹಾಕಿದ್ದು ಸುಳ್ಳು ಅಂತ. ಅದು ಹೆಚ್ಚಿಂದು."

ಅವನು ಆ ಕುರ್ಚಿಯಲ್ಲೇ ಕುಳಿತು ಬರೆದ. ನಾಲ್ಕು ಸಾಲಿಗೆ ಅರ್ಧ ತಾಸು ಹಿಡಿಯಿತು. ಕಾಗುಣಿತ ತಿದ್ದಿದ್ದು ಎತ್ತರದವನು. ಎಲ್ಲ ಮುಗಿದ ಮೇಲೆ ನಾನು ಉಳಿದರ್ಧ ತಲೆ ಕತ್ತರಿಸಿದೆ. ಬೋಳಿಸಲಿಲ್ಲ.

ಕೆಲವು ದಿನ ಕಳೆದು ಅವನು ಓಡುತ್ತ ಬಂದ. ಮಾತಾಡಲು ಉಸಿರಿರಲಿಲ್ಲ, ಫೋನು ಮುಂದೆ ಹಿಡಿದ. ಆ ಹುಡುಗಿಯಿಂದ ಒಂದೇ ಶಬ್ದ ಬಂದಿತ್ತು: "ಆತು."

"ಆತು ಅಂದಾಳ್ರಿ ಕಾಕಾ!" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಹೊರಟ.

"ಏ, ತೋರಸಬ್ಯಾಡ! ಅದೂ ನಿನಗಷ್ಟ ಬರದದ್ದು," ಎಂದಳು ಮಗಳು. ಅವನು ನಾಲಿಗೆ ಕಚ್ಚಿಕೊಂಡು ಫೋನು ಜೇಬಿಗಿಳಿಸಿದ. ಆದರೂ ಇಡೀ ದಿನ ಅವನ ಮುಖದ ಮೇಲಿನ ನಗು ಇಳಿಯಲಿಲ್ಲ.

ಆ ಮಧ್ಯಾಹ್ನದ ನಂತರ ಹುಡುಗರು ಬಾಗಿಲಿಂದ ಹಿಂದಿರುಗುವುದನ್ನು ಬಿಟ್ಟರು. ಎಲ್ಲರೂ ಮಗಳನ್ನು "ಅಕ್ಕಾ, ಅಕ್ಕಾ" ಎನ್ನತೊಡಗಿದರು. ನನಗದು ಹಿತವೆನಿಸಿತ್ತು. ಅವಳಿಗೆ ಒಂದು ದಿನ ತಡೆಯಲಾಗಲಿಲ್ಲ.

"ನಾ ನಿಮ್ಮಕಿಂತ ಒಂದ್ ವರ್ಷ ದೊಡ್ಡಾಕಿ. ಹೆಸರ ಹಿಡದು ಕರೀರಿ."

"ಅಕ್ಕಾ ಅನ್ನೂದು ಮರ್ಯಾದಿ ಅಲ್ಲೇನಕ್ಕಾ?" ಎಂದ ಎತ್ತರದವನು.

"ಅಕ್ಕ ಆದ್ರಷ್ಟ ಮರ್ಯಾದಿನ? ನಿಮ್ಮ ಅಕ್ಕ ಅಲ್ಲದಾಕಿ, ತಂಗಿ ಅಲ್ಲದಾಕಿ ಬಂದ್ರ ಏನ ಮಾಡ್ತೀರಿ?"

ಹುಡುಗರಿಗೆ ಹೆಸರು ಹಿಡಿದು ಕರೆಯುವುದು ಬಹಳ ಕಷ್ಟವಾಯಿತು. ಮೊದಮೊದಲು ಕರೆಯುವ ಮುನ್ನ ಕೆಮ್ಮುತ್ತಿದ್ದರು. ಆಮೇಲೆ ರೂಢಿಯಾಯಿತು. ರೂಢಿಯಾದ ಮೇಲೆ ಬೇರೆ ಯಾರಲ್ಲೂ ಕೇಳಲಾಗದ ಪ್ರಶ್ನೆಗಳು ಹೊರಬಿದ್ದವು.

"ಕ್ಲಾಸಿನ ಹುಡುಗಿ ಕೂಡ ಮಾತು ಹ್ಯಾಂಗ ಶುರು ಮಾಡ್ಬೇಕು?" ಎಂದು ಒಬ್ಬ.

"ನಿನ್ನ ಪಕ್ಕದ ಬೆಂಚಿನ ಹುಡುಗನ ಕೂಡ ಹ್ಯಾಂಗ ಮಾಡ್ತಿ?"

"ಲೆಕ್ಕ ಬಂತೇನಲೇ ಮಂಗ್ಯಾ, ಅಂತೇನಿ."

"ಮಂಗ್ಯಾ ಬಿಟ್ಟು ಉಳಿದದ್ದನ್ನ ಕೇಳು."

ನಾನು ಕತ್ತರಿ ನಿಲ್ಲಿಸಿ ನಕ್ಕೆ. ಇನ್ನೊಬ್ಬ, ತನ್ನ ಗೆಳತಿ ಬೇರೆ ಹುಡುಗರ ಕೂಡ ಮಾತಾಡಿದರೆ ಸಿಟ್ಟು ಬರುತ್ತದೆಂದು ಹೇಳಿಕೊಂಡ. ಅವಳ ಫೋನಿನ ಪಾಸ್‌ವರ್ಡ್ ಕೇಳಿದ್ದನಂತೆ. ಪ್ರೀತಿಯಿದ್ದರೆ ಕೊಡಬೇಕೆಂದು ಫೋನಿನವನು ಹೇಳಿದ್ದನಂತೆ. "ನಿಂದು ನಿಮ್ಮಪ್ಪ ಕೇಳಿದ್ರ ಕೊಡ್ತೀಯೇನು?" ಎಂದು ನಾನೇ ಕೇಳಿದೆ. ಅವನು ಎರಡೂ ಕೈಗಳಿಂದ ಫೋನು ಮುಚ್ಚಿಕೊಂಡ.

ಮಗಳ ಕೆಲಸ ಕಲಿಯುವ ಕಥೆ ಬೇರೆಯೇ. ಮೊದಲ ತಲೆ ನನ್ನದು. ಎಡಗಡೆ ಕಿವಿಯ ಮೇಲೆ ಗುಂಡಿ ಬಿದ್ದು, ಪಾನಂಗಡಿಯವನು ಇಲಿ ಕಡಿಯಿತೇ ಎಂದು ಕೇಳಿದ. ಎರಡನೆಯ ತಲೆ ಕೊಡಲು ಬೆಳ್ಳಟ್ಟಿಯ ಹುಡುಗ ತಾನಾಗಿ ಬಂದ. ಅವಳು ಮುಂಗೂದಲನ್ನು ಸಮ ಮಾಡುತ್ತ ಮಾಡುತ್ತ ಹಣೆಯ ಅರ್ಧದ ತನಕ ಏರಿಸಿಬಿಟ್ಟಳು. ಅವನು ಕನ್ನಡಿ ನೋಡಿ, "ಗಾಳಿ ಛಲೋ ಬರತೈತಿ," ಎಂದ. ಅವಳು ನಕ್ಕು ನಕ್ಕು ಬಾಚಣಿಕೆ ಕೆಳಗೆ ಬೀಳಿಸಿದಳು.

ಎತ್ತರದವನು ಮಾತ್ರ ಸುಲಭಕ್ಕೆ ಸೋಲುವವನಲ್ಲ. ದಿನಕ್ಕೊಂದು ವಾದ ತರುತ್ತಿದ್ದ. "ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಪುಕ್ಕಟ. ನಾವು ನಿಂತಕೊಂಡು ಬರಬೇಕು. ಇದ್ಯಾವ ನ್ಯಾಯ?"

ಮಗಳು ಅವನ ಕೊರಳಿಗೆ ಬಟ್ಟೆ ಕಟ್ಟುತ್ತ ಕೇಳಿದಳು. "ನಿಮ್ಮವ್ವನ ತವರಮನಿ ಎಲ್ಲಿ?"

"ಹೊಂಬಳ."

"ಮೊದಲ ಯಾವಾಗ ಹೋಗ್ತಿದ್ಲು?"

"ಪಂಚಮಿಗೊಮ್ಮೆ."

"ಈಗ?"

"ಈಗೇನು, ಮನಸಿಗೆ ಬಂದಾಗ ಹೊಕ್ಕಾಳ. ಮೊನ್ನೆ ನಮ್ಮಜ್ಜಿಗೆ ಬರೇ ಉಳ್ಳಾಗಡ್ಡಿ ಚಟ್ನಿ ಕೊಡಾಕ ಹೋಗಿದ್ಲು."

"ವಾಪಸ್ ಬಂದಾಗ ಮಾರಿ ಹ್ಯಾಂಗಿತ್ತು?"

ಎತ್ತರದವನು ಸ್ವಲ್ಪ ಯೋಚಿಸಿದ. "ಹಾಡಕೋಂತ ಬಂದ್ಲು," ಎಂದ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ನಮ್ಮವ್ವ ಹಾಡತಾಳಂತ ನನಗ ಗೊತ್ತಿರಲಿಲ್ಲ," ಎಂದ.

ಬಜಾರದಲ್ಲಿ ಅಂಗಡಿಯಿರುವ ಸಾವಕಾರರೊಬ್ಬರು ನನ್ನ ಹಳೆಯ ಗಿರಾಕಿ. ಒಂದು ರವಿವಾರ ಅಂಗಡಿ ತುಂಬಿದ್ದಾಗ ಬಂದರು. ಮಗಳು ಎರಡನೆಯ ಕುರ್ಚಿಯಲ್ಲಿ ಒಬ್ಬನ ತಲೆಗೆ ಮಷಿನ್ ಆಡಿಸುತ್ತಿದ್ದಳು. ಸಾವಕಾರರು ಅವಳನ್ನು ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದರು: "ಏನೋ ಇದು? ಗಂಡಸರ ತಲಿ ಮುಟ್ಟಿದ ಕೈ. ನಾಳೆ ಇಕಿನ್ನ ಯಾವಂವ ಮಾಡ್ಕೋತಾನ?"

ಮಗಳ ಕೈಯಲ್ಲಿನ ಮಷಿನ್ ಕೂದಲಿಂದ ಮೇಲೆದ್ದು ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಬಾಕಿನ ತುದಿಯಿಂದ ಒಂದು ಧ್ವನಿ ಬಂತು. ನಮ್ಮ ವಾದಿ, ಎತ್ತರದವನು.

"ಸಾವಕಾರ್ರ, ಕಳೆದ ತಿಂಗಳ ನಿಮಗ ಜ್ವರ ಬಂದು ದವಾಖಾನಿಗೆ ಹೋಗಿದ್ರೆಲ್ಲ. ನರ್ಸಬಾಯಿ ಸೂಜಿ ಎಲ್ಲಿ ಮಾಡಿದ್ಲರಿ?"

ಬಾಕಿಗೆ ಬಾಕೇ ನಕ್ಕಿತು. ಸಾವಕಾರರ ಮುಖ ಕೆಂಪಾಗಿ, ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ. "ಭಾಳ ಬೆರಕಿ ಅದೀರಲೇ ನೀವು," ಎಂದು ಕುಳಿತರು. ಅವರು ಬದಲಾದರೆಂದು ನಾನು ಹೇಳಲಾರೆ. ಈಗಲೂ ನನ್ನ ಕುರ್ಚಿ ಖಾಲಿಯಾಗುವ ತನಕ ಕಾಯುತ್ತಾರೆ. ಆದರೆ ಅಂಥ ಮಾತು ನನ್ನ ಅಂಗಡಿಯಲ್ಲಿ ಮತ್ತೆ ಆಡಿಲ್ಲ. ಅವರು ಹೋದ ಮೇಲೆ ನಾನು ಎತ್ತರದವನನ್ನು ಕೇಳಿದೆ: "ನೀನ ದಿನಾ ಆಕಿ ಕೂಡ ವಾದ ಮಾಡ್ತಿಯಲ್ಲೋ?"

"ಅದು ನಾವು ನಾವು ಮಾಡೂದ್ರಿ ಕಾಕಾ. ಆಕಿ ಜವಾಬು ಕೊಡ್ತಾಳ. ಇದು ಬ್ಯಾರೆ," ಎಂದ.

ರಜೆ ಮುಗಿಯಿತು. ಮಗಳು ಗದಗಿನ ಕಾಲೇಜಿಗೆ ಬಿಕಾಂ ಸೇರಿದಳು. ದಿನವೂ ಬಸ್ಸಿಗೆ ಹೋಗಿ ಬರುತ್ತಾಳೆ, ರವಿವಾರ ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುತ್ತಾಳೆ. ಈಗ ಹುಡುಗರು ಅವಳ ಪಾಳಿಗೆ ಕಾಯುತ್ತಾರೆ, ನನ್ನ ಕುರ್ಚಿ ಖಾಲಿಯಿದ್ದರೂ. ಹೊಸ ತರಹದ ಕಟಿಂಗ್ ನನಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ.

ಹಿಂದಿನ ರವಿವಾರ ಒಬ್ಬ ಹೆಣ್ಣುಮಗಳು ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಹಸಿ ಶೇಂಗಾದ ಚೀಲ. ಬೆಳ್ಳಟ್ಟಿಯ ಹುಡುಗನ ತಾಯಿ. ಬಜಾರಕ್ಕೆ ಬಂದವಳು ನಮ್ಮ ಅಂಗಡಿ ಹುಡುಕಿಕೊಂಡು ಬಂದಿದ್ದಳು. ಚೀಲ ನನ್ನ ಮುಂದಿಟ್ಟು, "ಯಣ್ಣಾ, ನಮ್ಮ ಹುಡುಗಗ ನೀವೇನ ಮಾಡೀರಿ?" ಎಂದಳು.

ನಾನು ಕತ್ತರಿ ಕೆಳಗಿಟ್ಟೆ. "ಏನಾತವಾ?"

"ಮೊನ್ನೆ ಸಾಲಿಯಿಂದ ತಂಗಿ ಬಂದ್ರ ಚಾ ಮಾಡಿ ಕೊಟ್ಟ. ಏನ ಓದಾಕತ್ತೀ ಅಂತ ಕೇಳಿದ. ಆಕಿ ಅಂಜಿ ನನ್ನ ಹಂತೇಕ ಓಡಿ ಬಂದ್ಲು, ಅಣ್ಣಗ ಜ್ವರ ಬಂದಾವ ನೋಡಬೇ ಅಂತ!"

ಬಾಕಿನ ಮೇಲಿದ್ದ ಅವಳ ಮಗ ತಲೆ ಬಗ್ಗಿಸಿ ಕಿವಿಯ ತನಕ ಕೆಂಪಾದ. ನಾವೆಲ್ಲ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗು ನಿಂತ ಮೇಲೆ ಆ ತಾಯಿ ಕನ್ನಡಿಯ ಕಡೆ ನೋಡಿದಳು, ಮಗಳ ಕಡೆ ನೋಡಿದಳು. ಧ್ವನಿ ತಗ್ಗಿಸಿ ಕೇಳಿದಳು: "ಯವ್ವಾ, ನನ್ನ ಕೂದಲ ತುದಿ ಸೀಳಿ ಹೋಗ್ಯಾವು. ಒಂದೀಟ ಕತ್ತರಸ್ತಿ?"

"ಬರ್ರಿ, ಕುಂಡ್ರಿ," ಎಂದಳು ಮಗಳು, ಕುರ್ಚಿಯ ಧೂಳು ಝಾಡಿಸಿ.

ಹುಡುಗರು ಯಾರೂ ಹೇಳದೆಯೇ ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ಶೇಂಗಾ ಸುಲಿಯುತ್ತ ನಿಂತರು. ನನ್ನ ಅಂಗಡಿಯ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂದಲು ಕತ್ತರಿಸಿಕೊಳ್ಳಲು ಕುಳಿತದ್ದು ಅದೇ ಮೊದಲು. ಮಗಳು ಬಿಳಿ ಬಟ್ಟೆ ಹೊದಿಸಿ, ಜಡೆ ಬಿಚ್ಚಿ, ನಿಧಾನವಾಗಿ ಬಾಚತೊಡಗಿದಳು. ಆ ತಾಯಿ ಮೊದಲು ಅಂಜಿ ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡಳು. ಕಾಲಿನಿಂದ ನೆಲ ಒತ್ತಿ ಕುರ್ಚಿಯನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ತಿರುಗಿಸಿದಳು. ಅದು ತಿರುಗುತ್ತದೆಂದು ಗೊತ್ತಾದ ಮೇಲೆ ಇನ್ನೂ ಸ್ವಲ್ಪ ಜೋರಾಗಿ ತಿರುಗಿಸಿ, ಸಣ್ಣ ಹುಡುಗಿಯಂತೆ ನಕ್ಕಳು.